ಹೆಲೆದ್ ದೀಪ ಕೊಳ್ಳಲು ಬಂದಳು

ನಾಲ್ಕಕ್ಕೇ ಕತ್ತಲಾಗುವ ನವೆಂಬರು.
ಬ್ಲೈನೈ ಫೆಸ್ಟಿನಿಯೋಗ್ ಪೇಟೆಯ ಅಂಗಡಿಗಳು
ಒಂದೊಂದೇ ಕಣ್ಣು ಮುಚ್ಚುವ ಹೊತ್ತಿಗೆ
ಅವಳು ಒಳಬಂದಳು. ಹೆಲ್ಮೆಟ್ಟಿನಿಂದ
ನನ್ನ ಗಾಜಿನ ಕೌಂಟರಿಗೆ ನೀರು ತೊಟ್ಟಿಕ್ಕಿತು.
"ಎಲ್ಲಕ್ಕಿಂತ ಪ್ರಖರವಾದದ್ದು ಯಾವುದಿದೆ, ಇದ್ವಾಲ್,
ಅದನ್ನೇ ಕೊಡಿ."

ಎಲ್ಲರೂ ಹಾಗೇ ಕೇಳುತ್ತಾರೆ.
ಕುರಿ ಕೊಳ್ಳಲು ಬಂದು ಉಣ್ಣೆ ಮಾತ್ರ ತಡವಿದ ಹಾಗೆ
ಡಬ್ಬಿಯ ಮೇಲಿನ ಲ್ಯೂಮೆನ್ ಓದುತ್ತಾರೆ.

ಎಲ್ಲಿ ಓಡಿಸುತ್ತೀ, ಅಂದೆ.
ಹಳೇ ಕ್ವಾರಿಯ ಹಿಂದೆ. ಮೊದಲು ಬೇರುಗಳ ಕಾಡು,
ಆಮೇಲೆ ಸ್ಲೇಟು ಚೂರಿನ ಇಳಿಜಾರು.
ಎಷ್ಟು ಹೊತ್ತು?
ಎರಡು ತಾಸು. ದಾರಿ ತಪ್ಪಿದರೆ ಮೂರು.

ಹಾಗಿದ್ದರೆ ಕೇಳು.
ಎರಡು ತಾಸೆಂದು ಬರೆಸಿಕೊಂಡ ಬ್ಯಾಟರಿ
ಚಳಿಯಲ್ಲಿ ಒಂದೂವರೆಗೇ ಮಾತು ತಪ್ಪುತ್ತದೆ.
ಬಿಡಿ ಬ್ಯಾಟರಿ ಒಂದಿರಲಿ, ಅಂಗಿಯೊಳಗೆ, ಮೈಗೆ ಹತ್ತಿ.
ಹಣೆಯ ದೀಪ ಕಣ್ಣು ಹೋದಲ್ಲಿ ಹೋಗುತ್ತದೆ, ನಿಜ,
ಆದರೆ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗಿ
ನೆಲವೆಲ್ಲ ಇಸ್ತ್ರಿ ಮಾಡಿದ ಬಟ್ಟೆ.
ಹ್ಯಾಂಡಲಿನ ದೀಪ ತಗ್ಗಿನಿಂದ ನೋಡುತ್ತದೆ,
ಬೆರಳುದ್ದದ ಬೇರಿಗೂ ಮಾರುದ್ದ ನೆರಳು ಕೊಟ್ಟು
ಇಲ್ಲಿದ್ದೇನೆ ಅನ್ನಿಸುತ್ತದೆ.
ನೀನು ದುಡ್ಡು ಕೊಡುವುದು ಬೆಳಕಿಗಲ್ಲ ಮಗಳೇ,
ನೆರಳಿಗೆ.

ಮಂಜು ಇಳಿದರೆ ಹಣೆಯದನ್ನು ಆರಿಸು.
ಇಲ್ಲವಾದರೆ ನಿನ್ನ ಉಸಿರೇ ಸುಣ್ಣ ಬಳಿದ ಗೋಡೆ.
ಹಸಿರು ಚುಕ್ಕಿ ಜೋಡಿಯಾಗಿ ಕಂಡರೆ ಬ್ರೇಕು ಹಿಡಿ, ಕುರಿ.
ಒಂಟಿ ಚುಕ್ಕಿ ಕಂಡರೂ ಕುರಿಯೇ,
ಅತ್ತ ತಿರುಗಿ ಮೇಯುತ್ತಿದೆ, ಅಷ್ಟೆ.

ಹಗಲು ಕಂಡ ಬಾವಿಗೆ ಇರುಳು ಬೀಳುವವರ ಊರು ಇದು.
ನನ್ನ ಅಜ್ಜ ಈ ಗುಡ್ಡದ ಹೊಟ್ಟೆಯೊಳಗೆ ಬಂಡೆ ಒಡೆದವನು.
ಮೇಣದಬತ್ತಿಯ ದುಡ್ಡು ಅವನ ಕೂಲಿಯಲ್ಲೇ ಮುರಿಯುತ್ತಿದ್ದರು.
ಊಟಕ್ಕೆ ಕೂತಾಗ ಬತ್ತಿ ಆರಿಸುತ್ತಿದ್ದನಂತೆ,
ಬಾಯಿಯ ದಾರಿ ಕೈಗೆ ಗೊತ್ತಲ್ಲ ಎಂದು.

ಹೆಲೆದ್ ನಗಲಿಲ್ಲ.
ಡಬ್ಬಿಯನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು.
"ಹನ್ನೊಂದು ವರ್ಷ ಟೆಗಿಡ್ ಮುಂದೆ, ನಾನು ಹಿಂದೆ.
ನನ್ನ ಹತ್ತಿರ ಇದ್ದದ್ದು
ಬೀಗದ ತೂತು ಹುಡುಕುವಷ್ಟು ದೀಪ.
ಅವನು ವಾಲಿದಲ್ಲಿ ವಾಲಿದೆ, ಹಾರಿದಲ್ಲಿ ಹಾರಿದೆ.
ಆ ಗುಡ್ಡದ ನೆಲ ಹೇಗಿದೆ ಅಂತ ಕೇಳಬೇಡಿ,
ಅವನ ಬೆನ್ನು ಹೇಗಿದೆ ಕೇಳಿ, ಹೇಳುತ್ತೇನೆ.
ಈಗ ಅವನಿಗೆ ಇರುಳುಗುರುಡು. ಅಂಚಿನಿಂದ ಒಳಕ್ಕೆ,
ಕಾಗದ ಸುಟ್ಟುಕೊಂಡು ಬಂದ ಹಾಗೆ, ಅಂದರು ಡಾಕ್ಟರು.
ನಾನು ಮುಂದೆ ಹೋದರೆ
ಹಿಂದೆ ಬರುವವನಿಗೆ ಸಾಲುವಷ್ಟು ಬೆಳಕು..."

ಇಪ್ಪತ್ತಾರು ವರ್ಷದ ಅಂಗಡಿ.
ಗೋಡೆಯ ತುಂಬ ದೀಪ ನೇತುಹಾಕಿದ್ದೇನೆ.
ಅಂಥದ್ದೊಂದು ಇರಲಿಲ್ಲ.
ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ,
ಬೆನ್ನಲ್ಲಿ ಇನ್ನೂ ಹೆಚ್ಚು.
ಅದನ್ನು ಅವಳಿಗೆ ಹೇಳುವುದು ಹೇಗೆಂದು
ಒರೆಸಿದ ಕೌಂಟರನ್ನೇ ಒರೆಸಿದೆ.

ಕೊನೆಗೆ ಮಧ್ಯಮ ಬೆಲೆಯದನ್ನು ಇಳಿಸಿದೆ.
ಅಗಲವಾಗಿ ಹರಡುವುದು, ದಾರಿಯ ಎರಡೂ ಬದಿ ಕಾಣುವಂಥದ್ದು.
ಹಚ್ಚಿ ನೋಡು, ಅಂದೆ.
ಅವಳು ಕಿಟಕಿಯಾಚೆಗೆ ಹಿಡಿದಳು.
ಅಲ್ಲಿಯವರೆಗೂ ಬರೀ ಸದ್ದಾಗಿದ್ದ ಮಳೆ
ದಾರದುಂಡೆ ಬಿಚ್ಚಿದಂತೆ ಎಳೆಯೆಳೆಯಾಗಿ ಕಂಡಿತು,
ಅದರಾಚೆ ಒಂದು ವ್ಯಾನು,
ವ್ಯಾನಿನಲ್ಲಿ ಡ್ರೈವರಿನದಲ್ಲದ ಸೀಟು, ಅಲ್ಲಿ ಟೆಗಿಡ್.
ಬೆಳಕಿನತ್ತ ಮುಖ ತಿರುಗಿಸಿದ.
ಕಣ್ಣು ಕಿರಿದು ಮಾಡಿ ನಕ್ಕ,
ಅಥವಾ ಕಣ್ಣು ಕಿರಿದು ಮಾಡಿದ, ಅಷ್ಟೇ.

ಅವಳು ಬೆಳಕನ್ನು ಒಂದು ಹಂತ ಇಳಿಸಿದಳು.
"ಇದೇ ಇರಲಿ. ಮೊದಲು ನಾನೊಬ್ಬಳೇ
ಆ ನೆಲವನ್ನು ನೋಡಿ ಬರುತ್ತೇನೆ.
ಎಲ್ಲೆಲ್ಲಿ ಏನಿದೆ ಅಂತ ಅವನೇ ಹೇಳಿಕೊಡಲಿ,
ಅವನಿಗೆ ಬಾಯಿಪಾಠ."

ಬಿಲ್ಲು ಬರೆದೆ.
ಬಿಡಿ ಬ್ಯಾಟರಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.
ಯಾಕೆ, ಅಂದಳು.
ಅದರದ್ದು ಅಜ್ಜನ ಕೂಲಿಯಲ್ಲಿ
ಆಗಲೇ ಮುರಿದಾಗಿದೆ, ಅಂದೆ.